ನಿಮಗೆ ಸಿಡುಬು ಬಂದಿತ್ತೇ?

ಮೂರು ವಾರ ನನ್ನ ಟೇಬಲ್ಲಿನ ಮೇಲೆ ಒಂದು ಫಾರ್ಮ್ ಬಿದ್ಕೊಂಡಿತ್ತು. ಜೀವವಿಮೆಯದ್ದು. ಮನೆ ಸಾಲ ತಗೊಳ್ಳೋ ಯೋಚನೆಯಲ್ಲಿದ್ದೀನಿ. ನಾನು ಹೋಗಿಬಿಟ್ರೆ ಆ ಸಾಲ ಅಮ್ಮನ ತಲೆ ಮೇಲೆ ಬೀಳಬಾರದು ಅಂತ ಒಂದು ಟರ್ಮ್ ಪಾಲಿಸಿ ಮಾಡಿಸೋಕೆ ಹೊರಟೆ. ಹೆಸರು, ವಿಳಾಸ, ಸಂಬಳ, ನಾಮಿನಿ ಎಲ್ಲ ಹತ್ತು ನಿಮಿಷದಲ್ಲಿ ತುಂಬಿದೆ. ಆಮೇಲೆ ಬಂತು ನೋಡಿ ಪ್ರಶ್ನೆ: ನಿಮಗೆ ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇದೆಯೇ? ಹೌದು / ಇಲ್ಲ.

ನನಗೆ ವಯಸ್ಸು 28. ಒಂದೂವರೆ ವರ್ಷದಿಂದ ಬಿಪಿ ಮಾತ್ರೆ ನುಂಗ್ತಾ ಇದ್ದೀನಿ. (ನಗಬೇಡಿ, ನಮ್ಮ ಟೀಮಿನಲ್ಲಿ ನಾನೊಬ್ಬನೇ ಅಲ್ಲ!)

ತಿಪಟೂರಿನ ಏಜೆಂಟ್ ರಾಯರಿಗೆ ಫೋನ್ ಮಾಡಿದೆ. ಫಾರ್ಮ್ ಕಳಿಸಿಕೊಟ್ಟವರೂ ಅವರೇ, ಅಪ್ಪನ ಕಾಲದಿಂದ ನಮ್ಮ ಮನೆಯ ಏಜೆಂಟ್. "ಅಲ್ಲಯ್ಯಾ, ಅದನ್ನೆಲ್ಲ ಯಾಕೆ ಬರೀತೀಯ? ಇಲ್ಲ ಅಂತ ಟಿಕ್ ಹಾಕು. ಮೆಡಿಕಲ್‌ಗೆ ಮುಂಚೆ ಎರಡು ದಿನ ಉಪ್ಪು ಬಿಡು, ಮಾತ್ರೆ ಸರಿಯಾಗಿ ತಗೋ, ನಾರ್ಮಲ್ ಬರುತ್ತೆ" ಅಂದ್ರು. ನಾನು ಸ್ವಲ್ಪ ಅನುಮಾನಿಸಿದ್ದಕ್ಕೆ, "ನಿಮ್ಮಪ್ಪನ ಫಾರ್ಮ್ ಬರೆದವನೂ ನಾನೇ ಕಣೋ. ಅವನಿಗೆ ಆಗಲೇ ಶುಗರ್ ಇತ್ತು. ಇಲ್ಲ ಅಂತಲೇ ಬರೆದೆ. ಏನಾಯ್ತು? ದುಡ್ಡು ಬಂತೋ ಇಲ್ವೋ?" ಅಂದುಬಿಟ್ರು.

ನನಗೆ ಗೊತ್ತಿರಲಿಲ್ಲ ಇದು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ದ. ನಾನು ಪಿಯುಸಿಯಲ್ಲಿದ್ದಾಗ ಹಾರ್ಟ್ ಅಟ್ಯಾಕ್ ಆಗಿ ಹೋದ. ಅವನ ಪಾಲಿಸಿ ದುಡ್ಡಿನಲ್ಲೇ ನನ್ನ ಇಂಜಿನಿಯರಿಂಗ್ ಆಗಿದ್ದು. ಅಂದ್ರೆ ನನ್ನ ಡಿಗ್ರಿಯ ಬುಡದಲ್ಲಿ ಒಂದು ಸುಳ್ಳು 'ಇಲ್ಲ' ಕೂತಿದೆ!

ಅವತ್ತು ಫಾರ್ಮ್ ಮಡಚಿಟ್ಟವನು ಮೂರು ವಾರ ಮುಟ್ಟಲಿಲ್ಲ. ಬದಲಿಗೆ ಈ ಪ್ರಶ್ನೆಯನ್ನ ಮೊದಲು ಕೇಳಿದವರು ಯಾರು, ಯಾಕೆ ಕೇಳಿದ್ರು ಅಂತ ಓದ್ತಾ ಹೋದೆ. ಓದಿದ್ದು ನನ್ನೊಬ್ಬನ ತಲೆಯಲ್ಲೇ ಯಾಕಿರಬೇಕು ಅಂತ ಇಲ್ಲಿ ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗಿದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

*

ಸಿಕ್ಕಿರುವ ಹಳೇ ಜೀವವಿಮೆ ಪಾಲಿಸಿಗಳಲ್ಲಿ ಬಹಳ ಹೆಸರಾದದ್ದು 1583ರ ಜೂನ್ 18ರದ್ದು, ಲಂಡನ್ನಿನದು. ವಿಲಿಯಂ ಗಿಬ್ಬನ್ಸ್ ಅನ್ನುವವನ ಜೀವದ ಮೇಲೆ 12 ತಿಂಗಳಿಗೆ ವಿಮೆ. ಮಾಡಿಸಿದವನು ರಿಚರ್ಡ್ ಮಾರ್ಟಿನ್. ಆಗೆಲ್ಲ ವಿಮೆ ಕಂಪನಿ ಅಂತ ಇರಲಿಲ್ಲ. ಹಡಗಿನ ಸರಕಿಗೆ ವಿಮೆ ಕೊಡುತ್ತಿದ್ದ ವ್ಯಾಪಾರಿಗಳೇ ನಾಲ್ಕಾರು ಜನ ಸೇರಿ ಕಾಗದದ ಕೆಳಗೆ ಸಹಿ ಹಾಕ್ತಿದ್ರು. 'ಅಂಡರ್‌ರೈಟರ್' ಅನ್ನೋ ಪದ ಬಂದದ್ದೇ ಹಾಗೆ, ಕೆಳಗೆ ಬರೆಯುವವನು ಅಂತ. ಹಡಗು ಮುಳುಗಬಹುದು, ಮನುಷ್ಯ ಸಾಯಬಹುದು, ಎರಡೂ ಅವರಿಗೆ ಒಂದೇ ಬಾಬತ್ತು.

ಗಿಬ್ಬನ್ಸ್ ಮಹಾಶಯ ವರ್ಷ ತುಂಬೋಕೆ ಕೆಲವೇ ವಾರ ಬಾಕಿ ಇರುವಾಗ ತೀರಿಕೊಂಡ. ಸಹಿ ಹಾಕಿದವರು ದುಡ್ಡು ಕೊಡಲ್ಲ ಅಂದ್ರು. ಯಾಕಂತೆ? ತಿಂಗಳು ಅಂದ್ರೆ 28 ದಿನದ ಚಾಂದ್ರಮಾನದ ತಿಂಗಳು, ಅಂಥ 12 ತಿಂಗಳು ಆಗಲೇ ಮುಗಿದುಹೋಗಿವೆ ಅಂತ! ಕೋರ್ಟು ಈ ವಾದ ಒಪ್ಪಲಿಲ್ಲ, ದುಡ್ಡು ಕೊಡಿಸ್ತು. ಕ್ಲೇಮ್ ಬಂದಾಗ ಸಣ್ಣಕ್ಷರ ಹುಡುಕುವ ವಿದ್ಯೆಗೆ 440 ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ ಅಂತ ಆಯ್ತು.

ಆ ಕಾಲಕ್ಕೆ ಯಾರ ಜೀವಕ್ಕೆ ಎಷ್ಟು ಅಪಾಯ ಅಂತ ಲೆಕ್ಕ ಹಾಕೋ ದಾರಿ ಇರಲಿಲ್ಲ. ಎಲ್ಲ ಅಂದಾಜು. ಲೆಕ್ಕ ಶುರುವಾದದ್ದು 1693ರಲ್ಲಿ. ಧೂಮಕೇತುವಿಗೆ ಹೆಸರು ಕೊಟ್ಟನಲ್ಲ, ಅದೇ ಎಡ್ಮಂಡ್ ಹ್ಯಾಲಿ, ಬ್ರೆಸ್ಲಾವ್ ಊರಿನ ಜನನ ಮರಣದ ದಾಖಲೆ ಇಟ್ಕೊಂಡು ಯಾವ ವಯಸ್ಸಿನವರಲ್ಲಿ ಎಷ್ಟು ಜನ ಸಾಯ್ತಾರೆ ಅಂತ ಒಂದು ಕೋಷ್ಟಕ ಮಾಡಿದ. ಆ ದಾಖಲೆ ಒಟ್ಟು ಮಾಡಿಕೊಟ್ಟವನು ಅಲ್ಲಿನ ಪಾದ್ರಿ ಕ್ಯಾಸ್ಪರ್ ನ್ಯೂಮನ್.

ಆದ್ರೆ ವಿಮೆ ಮಾಡುವವರು ಅದನ್ನ ತಕ್ಷಣ ಬಳಸಲಿಲ್ಲ. 1706ರಲ್ಲಿ ಲಂಡನ್ನಿನಲ್ಲಿ ಅಮಿಕೆಬಲ್ ಸೊಸೈಟಿ ಶುರುವಾಯ್ತು. 12ರಿಂದ 45 ವಯಸ್ಸಿನ ಒಳಗಿನವರು ಸೇರಬಹುದು, ಎಲ್ಲರಿಗೂ ಒಂದೇ ಚಂದಾ. ಆ ವರ್ಷ ಸತ್ತವರ ಮನೆಯವರಿಗೆ ದುಡ್ಡು ಹಂಚೋದು. ನಮ್ಮೂರ ಚೀಟಿ ವ್ಯವಹಾರ ಇದ್ದ ಹಾಗೆ ಅಂದ್ಕೊಳ್ಳಿ, ಚೀಟಿ ಎತ್ತೋಕೆ ಸಾಯಬೇಕು ಅಷ್ಟೇ ವ್ಯತ್ಯಾಸ :-)

45 ದಾಟಿದವನಿಗೆ ಬಾಗಿಲು ಮುಚ್ಚಿತ್ತು. ಹಾಗೆ ವಾಪಸ್ ಬಂದವರಲ್ಲಿ ಜೇಮ್ಸ್ ಡಾಡ್ಸನ್ ಅಂತ ಒಬ್ಬ ಗಣಿತದ ಮೇಷ್ಟ್ರು ಇದ್ದರು. 1750ರ ದಶಕದ ಮಾತು. ನಮ್ಮ ನಿಮ್ಮ ಥರ ಬೈಕೊಂಡು ಸುಮ್ಮನಾಗದೆ, ವಯಸ್ಸಿಗೆ ತಕ್ಕ ಹಾಗೆ ಕಂತು ಹಾಕಿದ್ರೆ ಯಾರನ್ನೂ ಬೇಡ ಅನ್ನಬೇಕಾಗಿಲ್ಲವಲ್ಲ ಅಂತ ಅವರು ಲೆಕ್ಕ ಹಾಕಿ ತೋರಿಸಿದ್ರು. ಅಪಾಯ ಜಾಸ್ತಿ ಇದ್ರೆ ಬಾಗಿಲು ಹಾಕಬೇಡಿ, ಬೆಲೆ ಹೇಳಿ. ಇವತ್ತಿನ ಇಡೀ ವಿಮೆ ಉದ್ಯಮ ನಿಂತಿರೋದು ಈ ಒಂದು ವಾಕ್ಯದ ಮೇಲೆ. ಡಾಡ್ಸನ್ 1757ರಲ್ಲಿ ತೀರಿಕೊಂಡರು. ಅವರ ಲೆಕ್ಕದ ಮೇಲೆ ನಿಂತ ಈಕ್ವಿಟಬಲ್ ಸೊಸೈಟಿ ಶುರುವಾದದ್ದು 1762ರಲ್ಲಿ. ಪಾಪ, ಅವರು ನೋಡಲಿಲ್ಲ.

ಡಾಡ್ಸನ್ನರ ಮರಿಮಗ ಯಾರು ಗೊತ್ತಾ? ಅಗಸ್ಟಸ್ ಡಿ ಮಾರ್ಗನ್! ಇಂಜಿನಿಯರಿಂಗಿನಲ್ಲಿ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಓದಿದ ಎಲ್ಲರೂ ಬಾಯಿಪಾಠ ಮಾಡಿದ 'ಡಿ ಮಾರ್ಗನ್ ನಿಯಮ'ದ ಡಿ ಮಾರ್ಗನ್. ಹುಟ್ಟಿದ್ದು 1806ರಲ್ಲಿ, ನಮ್ಮ ಪಕ್ಕದ ಮಧುರೈಯಲ್ಲಿ. ಜೀವವಿಮೆಯ ಲೆಕ್ಕದ ಮೇಲೆ ಅವನೂ 1838ರಲ್ಲಿ ಒಂದು ಪುಸ್ತಕ ಬರೆದ.

ಈಗ ನನ್ನ ಫಾರ್ಮಿನ ಪ್ರಶ್ನೆಗೆ ಡಿ ಮಾರ್ಗನ್ ನಿಯಮ ಹಾಕಿ ನೋಡಿ. 'ಬಿಪಿ ಅಥವಾ ಶುಗರ್ ಅಥವಾ ಹೃದ್ರೋಗ ಇದೆಯೇ' ಅನ್ನೋದಕ್ಕೆ 'ಇಲ್ಲ' ಅಂದ್ರೆ, ಬಿಪಿ ಇಲ್ಲ ಮತ್ತು ಶುಗರ್ ಇಲ್ಲ ಮತ್ತು ಹೃದ್ರೋಗ ಇಲ್ಲ ಅಂತ ಮೂರು ಬೇರೆ ಬೇರೆ ಪ್ರಮಾಣ ಮಾಡಿದ ಹಾಗೆ. ಒಂದು ಟಿಕ್ಕಿನಲ್ಲಿ ಎಷ್ಟು ಸುಳ್ಳು ಹೇಳಬಹುದು ಅನ್ನೋದಕ್ಕೆ ಮೇಷ್ಟ್ರ ಮರಿಮಗನೇ ಸೂತ್ರ ಕೊಟ್ಟು ಹೋಗಿದ್ದಾನೆ.

*

ಈಕ್ವಿಟಬಲ್‌ನವರು ವಿಮೆ ಬೇಕು ಅಂದವರನ್ನ ನಿರ್ದೇಶಕರ ಎದುರಿಗೆ ಕರೆಸಿ ನೋಡ್ತಿದ್ರು. ಮುಖ ನೋಡಿ, ಮೈಕಟ್ಟು ನೋಡಿ, ಪ್ರಶ್ನೆ ಕೇಳ್ತಿದ್ರು. ಅದರಲ್ಲಿ ಎರಡು ಮುಖ್ಯ ಪ್ರಶ್ನೆ: ನಿಮಗೆ ಸಿಡುಬು ಬಂದಿತ್ತೇ? ನಿಮಗೆ ಗೌಟು ಇದೆಯೇ?

ಇಲ್ಲಿ ಒಂದು ತಮಾಷೆ ಇದೆ. ಸಿಡುಬಿನ ಪ್ರಶ್ನೆಗೆ 'ಹೌದು' ಅನ್ನೋದೇ ಒಳ್ಳೇ ಉತ್ತರ! ಒಂದು ಸಲ ಬಂದು ಬದುಕಿಕೊಂಡವನಿಗೆ ಮತ್ತೆ ಬರೋದು ಅಪರೂಪ. ಮುಖದ ತುಂಬ ಸಿಡುಬಿನ ಕಲೆ ಇದ್ದವನು ಕಂಪನಿ ಪಾಲಿಗೆ ಸುರಕ್ಷಿತ ಮನುಷ್ಯ. ಕಲೆ ಇಲ್ಲದ ನುಣ್ಣನೆ ಮುಖದವನೇ ಹೆಚ್ಚು ಕಂತು ಕಟ್ಟಬೇಕು. ಕನ್ಯೆ ನೋಡೋಕೆ ಹೋದವರು ಯಾವುದನ್ನ ದೋಷ ಅಂತಿದ್ರೋ ಅದನ್ನ ವಿಮೆಯವರು ಗುಣ ಅಂತ ಬರ್ಕೊಳ್ತಿದ್ರು. ಅಪಾಯ ಅನ್ನೋದು ಕಣ್ಣಿಗೆ ಕಾಣೋ ಹಾಗೆ ಇರಲ್ಲ ಅಂತ ಮೊದಲ ಪಾಠ.

ಎರಡನೇ ಪಾಠ ಕಲಿಸಿದ್ದು 1766ರ ಒಂದು ಕೇಸು. ಸುಮಾತ್ರಾ ದ್ವೀಪದ ಬೆಂಕೂಲನ್ ಕೋಟೆಯ ಗವರ್ನರ್ ಕಾರ್ಟರ್, ಕೋಟೆ ಶತ್ರುಗಳ ಕೈಗೆ ಹೋದ್ರೆ ಅಂತ ವಿಮೆ ಮಾಡಿಸಿದ್ದ. ಕೋಟೆ ಫ್ರೆಂಚರ ಪಾಲಾಯ್ತು. ಕೋಟೆ ಎಷ್ಟು ದುರ್ಬಲ ಅಂತ ನೀನು ಹೇಳಲೇ ಇಲ್ಲ ಅಂತ ವಿಮೆ ಕೊಟ್ಟ ಬೋಮ್ ತಕರಾರು ತೆಗೆದ. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹೇಳಿದ್ದರ ಸಾರಾಂಶ ಇಷ್ಟು: ವಿಮೆ ಅನ್ನೋದು ನಂಬಿಕೆಯ ವ್ಯವಹಾರ. ಅಪಾಯದ ಬಗ್ಗೆ ಮುಖ್ಯ ಸಂಗತಿ ಸಾಮಾನ್ಯವಾಗಿ ಗೊತ್ತಿರೋದು ವಿಮೆ ಮಾಡಿಸುವವನಿಗೆ ಮಾತ್ರ, ಆದ್ದರಿಂದ ಅವನು ಮುಚ್ಚಿಡಬಾರದು. ಹಾಗಂತ ವಿಮೆ ಕೊಡುವವನು ತಾನೇ ತಿಳಿದಿರಬೇಕಾದ್ದನ್ನ, ಕೇಳಿ ತಿಳಿಯಬಹುದಾದ್ದನ್ನ, ಕೇಳದೆ ಇದ್ದು ಆಮೇಲೆ ಗೋಳಾಡೋ ಹಾಗಿಲ್ಲ. ಕೊನೆಗೆ ಗೆದ್ದವನು ಕಾರ್ಟರ್! 'ಎಲ್ಲ ಹೇಳಬೇಕು' ಅನ್ನೋ ನಿಯಮಕ್ಕೆ ಎಲ್ಲರೂ ಉದಾಹರಿಸುವ ಕೇಸಿನಲ್ಲಿ ಸೋತವನು ವಿಮೆ ಕೊಟ್ಟವನು ಅನ್ನೋದನ್ನ ಏಜೆಂಟರು ಯಾರೂ ಹೇಳಲ್ಲ.

ಕಾಯಿಲೆ ಇದ್ದವರಿಗೂ ಬೆಲೆ ಹಾಕಿ ಕೊಡೋಣ ಅಂತ ಧೈರ್ಯ ಬಂದದ್ದು 1820ರ ದಶಕದಲ್ಲಿ. 1824ರಲ್ಲಿ ಜಾರ್ಜ್ ಪಿಂಕಾರ್ಡ್ ಅನ್ನುವ ಡಾಕ್ಟರು ಲಂಡನ್ನಿನಲ್ಲಿ ವೈದ್ಯರನ್ನೂ ಪಾದ್ರಿಗಳನ್ನೂ ಸೇರಿಸಿ ಕಟ್ಟಿದ ಕ್ಲೆರಿಕಲ್ ಮೆಡಿಕಲ್ ಸೊಸೈಟಿ, ಹೆಚ್ಚು ಕಂತಿಗೆ ಅನಾರೋಗ್ಯ ಇದ್ದವರನ್ನೂ ಸೇರಿಸಿಕೊಂಡಿತು. ಅದೇ ಕಾಲದ ಇನ್ನೊಂದು ಕಂಪನಿಯ ಹೆಸರೇ 'ಅಸೈಲಮ್', ಅಂದ್ರೆ ಆಶ್ರಯ. ಬೇರೆಯವರು ಬೇಡ ಅಂದವರಿಗೆ ಆಶ್ರಯ.

*

ಈಗ ನಮ್ಮ ದೇಶಕ್ಕೆ ಬರೋಣ. ಇದನ್ನ ಓದುವಾಗ ನನಗೆ ನಿಜಕ್ಕೂ ಮೈ ಉರಿದದ್ದು ಇಲ್ಲಿ.

1818ರಲ್ಲಿ ಕಲ್ಕತ್ತಾದಲ್ಲಿ ಓರಿಯಂಟಲ್ ಲೈಫ್ ಇನ್ಶೂರೆನ್ಸ್ ಕಂಪನಿ ಶುರುವಾಯ್ತು. ಯಾರಿಗೆ? ಇಲ್ಲಿದ್ದ ಯುರೋಪಿಯನ್ನರಿಗೆ. ನಮ್ಮವರಿಗೆ ಇಲ್ಲ. ಅದು 1834ರಲ್ಲಿ ಮುಳುಗಿತು ಅನ್ನೋದು ಬೇರೆ ವಿಷಯ. ಆಮೇಲೆ ಬಾಬು ಮುತ್ತಿಲಾಲ್ ಸೀಲ್ ಅಂಥ ದೊಡ್ಡ ವರ್ತಕರು ಒತ್ತಾಯ ಮಾಡಿದ ಮೇಲೆ ವಿದೇಶಿ ಕಂಪನಿಗಳು ಭಾರತೀಯರಿಗೂ ಪಾಲಿಸಿ ಕೊಟ್ಟವು. ಆದ್ರೆ ಹೇಗೆ? 'ಸಬ್‌ಸ್ಟ್ಯಾಂಡರ್ಡ್ ಲೈಫ್' ಅಂತ. ಕಳಪೆ ಜೀವ! ಹೆಚ್ಚುವರಿ ಕಂತು ಕಟ್ಟಬೇಕು.

ಗಮನಿಸಿ, ಇಲ್ಲಿ ಯಾರೂ ಬಿಪಿ ನೋಡಲಿಲ್ಲ, ಗೌಟು ಕೇಳಲಿಲ್ಲ. ಭಾರತೀಯನಾಗಿ ಹುಟ್ಟಿದ್ದೇ ಕಾಯಿಲೆ.

ಇದಕ್ಕೆ ಉತ್ತರ ಕೊಟ್ಟದ್ದು 1870ರಲ್ಲಿ ಹುಟ್ಟಿದ ಬಾಂಬೆ ಮ್ಯೂಚುಯಲ್ ಸೊಸೈಟಿ. ಭಾರತೀಯರಿಗೆ ಮಾಮೂಲಿ ದರದಲ್ಲೇ ವಿಮೆ ಕೊಟ್ಟ ಮೊದಲ ಭಾರತೀಯ ಜೀವವಿಮೆ ಸಂಸ್ಥೆ ಅದು. 1874ರಲ್ಲಿ ಬೊಂಬಾಯಲ್ಲೇ ಓರಿಯಂಟಲ್ ಗವರ್ನಮೆಂಟ್ ಸೆಕ್ಯುರಿಟಿ ಬಂತು (ಕಲ್ಕತ್ತಾದ ಓರಿಯಂಟಲ್ ಅಲ್ಲ, ಇದು ಬೇರೆ). ಸ್ವದೇಶಿ ಚಳವಳಿಯ ಬಿಸಿಯಲ್ಲಿ ಇನ್ನೂ ಹಲವು. 1907ರ ಹಿಂದುಸ್ತಾನ್ ಕೋಆಪರೇಟಿವ್ ಹುಟ್ಟಿದ್ದು ಕಲ್ಕತ್ತಾದ ಜೋರಾಸಾಂಕೊದಲ್ಲಿ, ರವೀಂದ್ರನಾಥ ಠಾಕೂರರ ಮನೆಯ ಒಂದು ಕೋಣೆಯಲ್ಲಿ. ಸ್ವದೇಶಿ ಅಂದ್ರೆ ಬರೀ ಬಟ್ಟೆ ಸುಟ್ಟಿದ್ದು ಅಂತ ಶಾಲೆಯಲ್ಲಿ ಓದಿದ್ವಿ. ನಮ್ಮ ಜೀವವೂ ನಿಮ್ಮ ಜೀವದಷ್ಟೇ ಗಟ್ಟಿ ಅಂತ ಲೆಕ್ಕದ ಪುಸ್ತಕದಲ್ಲಿ ತೋರಿಸಿದ್ದೂ ಸ್ವದೇಶಿಯೇ.

ನಮ್ಮ ಮೈಸೂರೂ ಹಿಂದೆ ಬಿದ್ದಿರಲಿಲ್ಲ. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ, ಸಂಸ್ಥಾನದ ಸರ್ಕಾರಿ ನೌಕರರಿಗೆ ಅಂತಲೇ ವಿಮೆ ಯೋಜನೆ ಶುರುವಾಯ್ತು. ನಿಮ್ಮ ಮನೆಯಲ್ಲಿ ಸರ್ಕಾರಿ ನೌಕರರಿದ್ರೆ ಸಂಬಳದ ಚೀಟಿಯಲ್ಲಿ ಕೆಜಿಐಡಿ ಅಂತ ಕಡಿತ ನೋಡಿರ್ತೀರಿ. ಅದರ ಮೂಲ ಅದೇ.

ಇದೇ ಕಥೆ ಅಮೆರಿಕದಲ್ಲೂ ನಡೆದಿದೆ. 1881ರಲ್ಲಿ ಅಲ್ಲಿನ ಪ್ರುಡೆನ್ಶಿಯಲ್ ಕಂಪನಿ, ಕಪ್ಪು ಜನರು ಅಷ್ಟೇ ಕಂತು ಕಟ್ಟಿದ್ರೂ ಸತ್ತಾಗ ಮೂರನೇ ಒಂದು ಭಾಗ ಕಡಿಮೆ ಕೊಡೋದು ಅಂತ ನಿಯಮ ಮಾಡಿತು. 1884ರಲ್ಲಿ ಮಸಾಚುಸೆಟ್ಸ್ ರಾಜ್ಯ ಇಂಥ ತಾರತಮ್ಯ ಮಾಡಕೂಡದು ಅಂತ ಕಾನೂನು ತಂದಿತು. 1896ರಲ್ಲಿ ಅದೇ ಕಂಪನಿಯ ಅಂಕಿಅಂಶ ತಜ್ಞ ಫ್ರೆಡರಿಕ್ ಹಾಫ್‌ಮನ್ ಮುನ್ನೂರಕ್ಕೂ ಹೆಚ್ಚು ಪುಟದ ಪುಸ್ತಕ ಬರೆದು, ಕಪ್ಪು ಜನರ ಸಾವಿನ ಪ್ರಮಾಣ ಹೆಚ್ಚಿರೋದಕ್ಕೆ ಅವರ ಜನಾಂಗದ ಗುಣವೇ ಕಾರಣ ಅಂತ ವಾದಿಸಿದ. ಮರುವರ್ಷವೇ ಕೆಲ್ಲಿ ಮಿಲ್ಲರ್ ಅನ್ನುವ ಕಪ್ಪು ಗಣಿತಜ್ಞ ಅದನ್ನ ಬಿಡಿಸಿ ಬಿಡಿಸಿ ಖಂಡಿಸಿದ. 1898ರಲ್ಲಿ ಡರ್‌ಹಮ್ ಊರಿನಲ್ಲಿ ಕಪ್ಪು ಜನರೇ ನಾರ್ತ್ ಕೆರೊಲಿನಾ ಮ್ಯೂಚುಯಲ್ ಕಟ್ಟಿಕೊಂಡರು. ಬೊಂಬಾಯಿಯವರು ಮಾಡಿದ್ದನ್ನೇ.

ಹಾಫ್‌ಮನ್‌ನ ಅಂಕಿಗಳು ಸುಳ್ಳಲ್ಲ ಅಂತಲೇ ಇಟ್ಕೊಳ್ಳಿ. ಕೊಳಕು ನೀರು, ಇಕ್ಕಟ್ಟು ಮನೆ, ಕಡಿಮೆ ಕೂಲಿ ಇದ್ದ ಕಡೆ ಜನ ಬೇಗ ಸಾಯ್ತಾರೆ. ತಪ್ಪಿದ್ದು 'ಯಾಕೆ' ಅನ್ನೋದರಲ್ಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡೇಟಾ ಸರಿ, ಮಾಡೆಲ್ ತಪ್ಪು. ವಿಚಿತ್ರ ಏನಂದ್ರೆ ಇದೇ ಹಾಫ್‌ಮನ್ ಆಮೇಲೆ ಕಾರ್ಖಾನೆಯ ಧೂಳಿನಿಂದ ಕೆಲಸಗಾರರು ಸಾಯೋದರ ಬಗ್ಗೆ ಬರೆದ. ಅಸ್ಬೆಸ್ಟಾಸ್ ಕೆಲಸಗಾರರಿಗೆ ಅಮೆರಿಕ, ಕೆನಡಾದ ವಿಮೆ ಕಂಪನಿಗಳು ಸಾಮಾನ್ಯವಾಗಿ ಪಾಲಿಸಿ ಕೊಡ್ತಾ ಇಲ್ಲ ಅಂತ 1918ರಲ್ಲೇ ದಾಖಲಿಸಿದ. ಧೂಳು ಕೊಲ್ಲುತ್ತೆ ಅಂತ ವಿಮೆಯವರಿಗೆ ಗೊತ್ತಿತ್ತು. ಧೂಳು ಕುಡೀತಿದ್ದವನಿಗೆ ಯಾರೂ ಹೇಳಲಿಲ್ಲ.

*

ಬಿಪಿಯ ಕಥೆಯೂ ಸ್ವಲ್ಪ ಹಾಗೇ ಇದೆ.

ತೋಳಿಗೆ ಪಟ್ಟಿ ಕಟ್ಟಿ ಒತ್ತಡ ಅಳೆಯುವ ಯಂತ್ರವನ್ನ ಇಟಲಿಯ ರಿವಾ ರೊಚ್ಚಿ 1896ರಲ್ಲಿ ಮಾಡಿದ. ಸ್ಟೆತಸ್ಕೋಪು ಇಟ್ಟು ಶಬ್ದ ಕೇಳುವ ವಿಧಾನ ರಷ್ಯಾದ ಕೊರೊಟ್ಕೊಫ್‌ನದು, 1905ರದ್ದು. ಎರಡೇ ವರ್ಷಕ್ಕೆ, 1907ರಲ್ಲಿ, ಅಮೆರಿಕದ ನಾರ್ತ್‌ವೆಸ್ಟರ್ನ್ ಮ್ಯೂಚುಯಲ್ ಕಂಪನಿಯ ಡಾಕ್ಟರ್ ಫಿಶರ್, ವಿಮೆಗೆ ಬಂದವರ ಬಿಪಿ ಅಳೆಸೋಕೆ ಶುರು ಮಾಡಿದ. ಒತ್ತಡ ಜಾಸ್ತಿ ಇದ್ದವರು ಬೇಗ ಸಾಯ್ತಾರೆ ಅಂತ 1914ರಲ್ಲಿ ಲೆಕ್ಕ ಸಮೇತ ಪ್ರಕಟಿಸಿದ. 1925ರಲ್ಲಿ ಹಲವು ಕಂಪನಿಗಳ ಅಂಕಿ ಒಟ್ಟು ಮಾಡಿದ ವರದಿಯೂ ಬಂತು.

ಡಾಕ್ಟರುಗಳು ಒಪ್ಪಿದ್ರಾ? ಬಹಳ ಜನ ಒಪ್ಪಲಿಲ್ಲ. ವಯಸ್ಸಾದಂತೆ ಒತ್ತಡ ಏರೋದು ಸಹಜ, ಇಳಿಸಿದ್ರೇ ತೊಂದರೆ ಅನ್ನುವವರಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಬಿಪಿ 1937ರಲ್ಲಿ 162/98 ಇತ್ತು, 1944ರ ಮಾರ್ಚಿನಲ್ಲಿ 186/108. ಆದರೂ ಅವರ ಡಾಕ್ಟರು ಆರೋಗ್ಯ ಚೆನ್ನಾಗಿದೆ ಅಂತ ಜನರಿಗೆ ಹೇಳ್ತಾನೇ ಇದ್ದರು. 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವವಾಗಿ ಅವರು ತೀರಿಕೊಂಡರು. ಅಷ್ಟು ಹೊತ್ತಿಗೆ ಯಾವುದೇ ವಿಮೆ ಕಂಪನಿಯ ಗುಮಾಸ್ತ ಆ ಅಂಕಿ ನೋಡಿಯೇ ಪಾಲಿಸಿ ಇಲ್ಲ ಅನ್ನುತ್ತಿದ್ದ! ಫ್ರಾಮಿಂಗ್‌ಹ್ಯಾಮ್ ಊರಿನ ಹೆಸರಾದ ಹೃದ್ರೋಗ ಅಧ್ಯಯನ ಶುರುವಾದದ್ದು 1948ರಲ್ಲಿ. ಒತ್ತಡ ಇಳಿಸಿದ್ರೆ ಜೀವ ಉಳಿಯುತ್ತೆ ಅಂತ ಸರಿಯಾದ ಪ್ರಯೋಗದಿಂದ ಗೊತ್ತಾಗೋಕೆ 1967ರವರೆಗೆ ಕಾಯಬೇಕಾಯ್ತು. ನಾನು ದಿನಾ ಬೆಳಿಗ್ಗೆ ನುಂಗುವ ಮಾತ್ರೆಯ ಹಿಂದೆ ಇಷ್ಟೆಲ್ಲ ಇದೆ.

ಇನ್ನು ಕಾಯಿಲೆಗೆ ಬೆಲೆ ಹಾಕೋದು ಹೇಗೆ? 1896ರಲ್ಲಿ ನ್ಯೂಯಾರ್ಕ್ ಲೈಫ್ ಕಂಪನಿ, ಅಪಾಯದ ಕೆಲಸದವರು, ದೈಹಿಕ ತೊಂದರೆ ಇದ್ದವರು ಇಂಥವರಿಗೂ ವಿಮೆ ಕೊಡೋಕೆ ಹೊರಟಿತು. ಅಲ್ಲಿನ ಡಾಕ್ಟರ್ ಆಸ್ಕರ್ ರೋಜರ್ಸ್ ಮತ್ತು ಲೆಕ್ಕಿಗ ಆರ್ಥರ್ ಹಂಟರ್ ಸೇರಿ ಒಂದು ಸುಲಭದ ವಿಧಾನ ಮಾಡಿದ್ರು, 1919ರಲ್ಲಿ ಅದನ್ನ ಪ್ರಬಂಧವಾಗಿ ಮಂಡಿಸಿದ್ರು. ಮಾಮೂಲಿ ಆರೋಗ್ಯದವನಿಗೆ 100 ಅಂಕ. ತೊಂದರೆ ಇದ್ರೆ ಕೂಡು, ಒಳ್ಳೇದಿದ್ರೆ ಕಳೆ. ಸುಮ್ಮನೆ ಉದಾಹರಣೆಗೆ, ತೂಕ ಜಾಸ್ತಿ ಅಂತ 20 ಕೂಡು, ಅಪ್ಪ ಚಿಕ್ಕ ವಯಸ್ಸಿಗೇ ಹೃದ್ರೋಗದಿಂದ ಹೋದರು ಅಂತ 15 ಕೂಡು, ಬಿಪಿಗೆ 40 ಕೂಡು, ಬೀಡಿ ಸಿಗರೇಟು ಇಲ್ಲ ಅಂತ 10 ಕಳೆ. ಒಟ್ಟು 165. ಅಂದ್ರೆ ಇಂಥವರಲ್ಲಿ ಮಾಮೂಲಿ 100 ಜನ ಸಾಯೋ ಕಡೆ 165 ಜನ ಸಾಯ್ತಾರೆ ಅಂತ ಅಂದಾಜು. ಅದಕ್ಕೆ ತಕ್ಕ ಕಂತು ಹಾಕು. (ಅಂಕಿಗಳು ನಾನು ಹಾಕಿಕೊಂಡದ್ದು, ವಿಧಾನ ಅವರದ್ದು.)

ಇದಕ್ಕೆ ಮುಂಚೆ ಡಾಕ್ಟರು 'ಸೇರಿಸಿಕೋ, ಬೇಡ' ಅಂತ ಎರಡೇ ಮಾತು ಹೇಳ್ತಿದ್ದದ್ದು ಹೆಚ್ಚು. ಒಂದು ದೋಷ ಕಂಡ್ರೆ ಮುಗೀತು, ಕಥೆ ಕ್ಲೋಸ್. ಈಗ ಇಡೀ ಮನುಷ್ಯನನ್ನ ಕೂಡಿ ಕಳೆದು ನೋಡೋ ಹಾಗಾಯ್ತು. ಮನುಷ್ಯನನ್ನ ಅಂಕಿ ಮಾಡೋದು ಕ್ರೂರ ಅಂತ ನನಗೂ ಮೊದಲು ಅನ್ನಿಸ್ತಿತ್ತು. ಆದ್ರೆ ಬಾಗಿಲು ಹಾಕೋದಕ್ಕಿಂತ ಅಂಕಿ ವಾಸಿ. ಅಂಕಿ ಬದಲಾಗುತ್ತೆ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನೋ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟ ಮೇಲೆ ಸಕ್ಕರೆ ಕಾಯಿಲೆಯ ಲೆಕ್ಕವೇ ಬದಲಾಗುತ್ತಾ ಬಂತು. 1964ರಲ್ಲಿ ಸಿಗರೇಟಿನ ಮೇಲಿನ ಅಮೆರಿಕ ಸರ್ಕಾರದ ವರದಿ ಬಂದ ವರ್ಷವೇ ಅಲ್ಲಿನ ಸ್ಟೇಟ್ ಮ್ಯೂಚುಯಲ್ ಕಂಪನಿ ಸಿಗರೇಟು ಸೇದದವರಿಗೆ ಕಡಿಮೆ ದರ ತಂದಿತು.

*

ಈಗ ರಾಯರ ಪ್ರಶ್ನೆಗೆ ಬರೋಣ. ಅಪ್ಪನ ದುಡ್ಡು ಯಾಕೆ ಬಂತು?

ಇದರ ಉತ್ತರ 1938ರ ವಿಮಾ ಕಾಯ್ದೆಯ 45ನೇ ಕಲಮಿನಲ್ಲಿದೆ. ಜನ ವರ್ಷಗಟ್ಟಲೆ ಕಂತು ಕಟ್ಟಿ ಸತ್ತ ಮೇಲೆ, ಇಪ್ಪತ್ತು ವರ್ಷದ ಹಿಂದಿನ ಫಾರ್ಮ್ ತೆಗೆದು 'ನೀವು ಕೆಮ್ಮು ಇತ್ತು ಅಂತ ಬರೆದಿಲ್ಲ' ಅನ್ನೋ ಆಟ ನಡೀಬಾರದು ಅಂತ ತಂದ ಕಲಮು. ಎರಡು ವರ್ಷ ಆದ ಮೇಲೆ ಬರೀ ತಪ್ಪು ಮಾಹಿತಿ ಅಂತ ಪಾಲಿಸಿ ತಳ್ಳಿಹಾಕೋ ಹಾಗಿಲ್ಲ. ಮುಖ್ಯ ಸಂಗತಿಯನ್ನ ಗೊತ್ತಿದ್ದೂ ಮೋಸದಿಂದ ಮುಚ್ಚಿಟ್ಟ ಅಂತ ಕಂಪನಿಯೇ ಸಾಬೀತು ಮಾಡಬೇಕು.

ಸಾಬೀತು ಮಾಡಿದ್ದೂ ಉಂಟು. ಜಬಲ್‌ಪುರದ ಮಹಾಜನ್ ದೇವಲಾಲ್ ಅನ್ನುವ ಗುತ್ತಿಗೆದಾರ 1945ರಲ್ಲಿ 25,000 ರೂಪಾಯಿಗೆ ವಿಮೆ ಮಾಡಿಸಿ 1946ರ ನವೆಂಬರಿನಲ್ಲಿ ತೀರಿಕೊಂಡ. 1943ರಲ್ಲೇ ರಕ್ತಹೀನತೆ, ಬಾವು, ಏದುಸಿರಿಗೆ ಚಿಕಿತ್ಸೆ ಪಡೆದಿದ್ದನ್ನ ಫಾರ್ಮಿನಲ್ಲಿ ಹೇಳಿರಲಿಲ್ಲ. ಪಾಲಿಸಿ ಅವನಿಂದ ಮಿಠೂಲಾಲ್ ನಾಯಕ್ ಹೆಸರಿಗೆ ವರ್ಗ ಆಗಿತ್ತು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1962ರಲ್ಲಿ ತೀರ್ಪು ಬಂತು. ಎರಡು ವರ್ಷ ಕಳೆದಿದ್ರೂ ಇದು ಗೊತ್ತಿದ್ದೇ ಮುಚ್ಚಿಟ್ಟದ್ದು, ದುಡ್ಡಿಲ್ಲ. ವಿಮೆ ಕೊಟ್ಟಿದ್ದ ಕಂಪನಿ ಯಾವುದು ಗೊತ್ತಾ? ಅದೇ 1874ರ ಓರಿಯಂಟಲ್. 1956ರಲ್ಲಿ 245 ವಿಮೆ ಸಂಸ್ಥೆಗಳನ್ನ ಸೇರಿಸಿ ಎಲ್‌ಐಸಿ ಮಾಡಿದ್ರಲ್ಲ, ಅದರಲ್ಲಿ ಅದೂ ಸೇರಿತ್ತು. ಹಾಗಾಗಿ ತೀರ್ಪಿನಲ್ಲಿ ಎದುರು ಕಡೆ ಎಲ್‌ಐಸಿ ಹೆಸರಿದೆ.

2015ರ ತಿದ್ದುಪಡಿ ಆದ ಮೇಲೆ ಈ ಕಲಮು ಪೂರ್ತಿ ಬದಲಾಗಿದೆ. ಎರಡರ ಬದಲು ಮೂರು ವರ್ಷ. ಆದ್ರೆ ಮೂರು ವರ್ಷ ದಾಟಿದ ಮೇಲೆ ಯಾವ ಕಾರಣಕ್ಕೂ, ಮೋಸ ಅಂತಲೂ, ಪಾಲಿಸಿಯನ್ನ ಪ್ರಶ್ನಿಸೋ ಹಾಗಿಲ್ಲ.

ಅಪ್ಪ ಹೋದದ್ದು ಪಾಲಿಸಿಯ ಹನ್ನೊಂದನೇ ವರ್ಷದಲ್ಲಿ. ಯಾರೂ ಹಳೇ ಫಾರ್ಮ್ ಕೆದಕಲಿಲ್ಲ. ಎರಡನೇ ವರ್ಷದಲ್ಲಿ ಹೋಗಿದ್ರೆ? ಬಹುಶಃ ಕೆದಕ್ತಿದ್ರು. ನಾನು ಇವತ್ತು ಅದೇ ಮಂಡಿಯಲ್ಲಿ ಲೆಕ್ಕ ಬರೀತಿದ್ನೇನೋ. ರಾಯರು 'ದುಡ್ಡು ಬಂತಲ್ಲ' ಅಂತಾರೆ. ಬಂದದ್ದು ಸುಳ್ಳಿನಿಂದಲ್ಲ, ಅಪ್ಪ ಇನ್ನೂ ಒಂಬತ್ತು ವರ್ಷ ಬದುಕಿದ್ದರಿಂದ.

ಹಾಗಂತ ಅಪ್ಪನ ಮೇಲೆ ಸಿಟ್ಟು ಬಂತಾ ಅಂದ್ರೆ, ಇಲ್ಲ. ಮಂಡಿ ಗುಮಾಸ್ತನಿಗೆ ಇನ್ಯಾವ ಆಸರೆ ಇತ್ತು? ಒಂದು ಕಾಲಕ್ಕೆ ಎಲ್‌ಐಸಿಯ ಕಡಿಮೆ ಕಂತಿನ ಟರ್ಮ್ ಪಾಲಿಸಿಯೊಂದು ಸರ್ಕಾರಿ, ಅರೆಸರ್ಕಾರಿ, ಹೆಸರಾದ ಕಂಪನಿಗಳ ಸಂಬಳದಾರರಿಗೆ ಮಾತ್ರ ಸಿಗ್ತಿತ್ತು. ರೈತ, ಕೂಲಿ, ಅಂಗಡಿಯವನು ಕೇಳೋ ಹಾಗೇ ಇರಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು, ಇದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿ ಆ ಷರತ್ತು ತೆಗೆದುಹಾಕ್ತು. ಕಲ್ಕತ್ತಾದ ಬಿಳಿಯರು 'ಭಾರತೀಯ' ಅಂತ ಗೆರೆ ಎಳೆದಿದ್ರೆ, ನಾವು 'ಸಂಬಳದವನು' ಅಂತ ಗೆರೆ ಎಳೆದಿದ್ವಿ. ಆಮೇಲೆ 2017ರ ಎಚ್‌ಐವಿ ಕಾಯ್ದೆ ಬಂತು. ಲೆಕ್ಕಶಾಸ್ತ್ರದ ಆಧಾರ ಇಲ್ಲದೆ ಎಚ್‌ಐವಿ ಇದ್ದವರಿಗೆ ವಿಮೆ ನಿರಾಕರಿಸೋ ಹಾಗಿಲ್ಲ ಅಂತ ಅದರಲ್ಲಿದೆ. 2015ರಿಂದ ಪ್ರಧಾನಮಂತ್ರಿ ಜೀವನ್ ಜ್ಯೋತಿ ಯೋಜನೆ ಇದೆ. 18ರಿಂದ 50 ವರ್ಷದವರು ಬ್ಯಾಂಕ್ ಖಾತೆ ಮೂಲಕ ವರ್ಷಕ್ಕೆ 436 ರೂಪಾಯಿ ಕಟ್ಟಿದ್ರೆ 2 ಲಕ್ಷದ ವಿಮೆ, ಡಾಕ್ಟರ ಪರೀಕ್ಷೆ ಇಲ್ಲ. ಆದ್ರೆ ಮೊದಲ 30 ದಿನದಲ್ಲಿ ಅಪಘಾತ ಬಿಟ್ಟು ಬೇರೆ ಕಾರಣಕ್ಕೆ ಸತ್ತರೆ ದುಡ್ಡಿಲ್ಲ. 2 ಲಕ್ಷ ದೊಡ್ಡದಲ್ಲ, ಆದ್ರೆ ಆಗ ಅಪ್ಪನಿಗೆ ಅಷ್ಟೂ ಇರಲಿಲ್ಲ.

*

ಮೂರನೇ ವಾರದ ಭಾನುವಾರ ಫಾರ್ಮ್ ತೆಗೆದೆ. 'ಹೌದು' ಅಂತ ಟಿಕ್ ಹಾಕಿದೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗಿಂದ, ಅಪ್ಪ ಯಾವ ವಯಸ್ಸಿಗೆ ಯಾವುದರಿಂದ ಹೋದರು, ಎಲ್ಲ ಬರೆದೆ. ರಾಯರಿಗೆ ಕಳಿಸಿದೆ. "ನೀನು ಓದಿದ್ದು ಜಾಸ್ತಿ ಆಯ್ತು" ಅಂದ್ರು. ಬೈದರೂ ಕಳಿಸಿಕೊಟ್ರು, ಪಾಪ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಮಾಮೂಲಿಗಿಂತ ಅರ್ಧದಷ್ಟು ಹೆಚ್ಚು ಕಂತು, ಒಪ್ಪಿಗೆ ಇದ್ರೆ ಸಹಿ ಹಾಕಿ ಅಂತ. ನಾನು 150 ಅಂಕದ ಮನುಷ್ಯ. ಅಮ್ಮನಿಗೆ ಹೇಳಿದ್ರೆ, "ಅಷ್ಟು ಜಾಸ್ತಿ ಯಾಕೋ ಕಟ್ತೀಯ, ಉಪ್ಪಿನಕಾಯಿ ಬಿಡಬಾರದಾ?" ಅಂದಳು. ಡಾಡ್ಸನ್ ಮೇಷ್ಟ್ರ ಲೆಕ್ಕಕ್ಕಿಂತ ಅಮ್ಮನ ಲೆಕ್ಕ ಚುರುಕು :-)

ಸಹಿ ಹಾಕಿದೆ. ತಿಂಗಳಿಗೆ ಮುನ್ನೂರು ನಾನೂರು ರೂಪಾಯಿ ಜಾಸ್ತಿ ಹೋಗುತ್ತೆ. ಆದ್ರೆ ನಾನು ನಾಳೆಯೇ ಹೋದ್ರೂ, ಅಮ್ಮ ಯಾರದ್ದೋ ಆಫೀಸಿನಲ್ಲಿ ಕೂತು ಮಗನ ಮಾತ್ರೆ ಚೀಟಿಯ ಬಗ್ಗೆ ಉತ್ತರ ಕೊಡಬೇಕಾಗಿಲ್ಲ. ಮೂರು ವರ್ಷ ಉಸಿರು ಬಿಗಿಹಿಡಿದು ಬದುಕೋ ಕರ್ಮವೂ ಇಲ್ಲ. ಬಿಪಿ ಇದ್ದವನು ಉಸಿರು ಬಿಗಿಹಿಡಿಯೋದು ಹೇಗೂ ಒಳ್ಳೇದಲ್ಲ.

ಅಂದಹಾಗೆ ನನ್ನ ಫಾರ್ಮಿನಲ್ಲಿ ಸಿಡುಬಿನ ಪ್ರಶ್ನೆ ಇರಲಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರದ್ದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತಿನಿಂದಲೇ ಹೋಯ್ತು ಅಂತ ಸಾರಿತು. ಎಷ್ಟೋ ತಲೆಮಾರು ಜನರನ್ನ ಹೆದರಿಸಿದ ಪ್ರಶ್ನೆ ಫಾರ್ಮಿನಿಂದ ಸದ್ದಿಲ್ಲದೆ ಬಿದ್ದುಹೋಗಿದೆ. ಇನ್ನೊಂದು ನೂರು ವರ್ಷಕ್ಕೆ ಯಾರೋ ಒಬ್ಬ ಕೂತು, 'ಆ ಕಾಲದಲ್ಲಿ ಬಿಪಿ ಇದೆಯಾ ಅಂತ ಕೇಳ್ತಿದ್ರಂತೆ' ಅಂತ ಬರೀತಾನೇನೋ.

ನಿಮ್ಮ ಮನೆಯ ಹಳೇ ಪಾಲಿಸಿ ಕಾಗದ ಇದ್ರೆ ಒಂದು ಸಲ ತೆಗೆದು ನೋಡಿ. ಫಾರ್ಮಿನ ನಕಲು ಅದರ ಜೊತೆಗೇ ಇದ್ದರೂ ಇರಬಹುದು. ಯಾರ ಕೈಬರಹದಲ್ಲಿ ಏನು ಬರೆದಿದೆ ಅಂತ ಓದಿ. ನಿಮ್ಮನೆಯಲ್ಲೂ ಇಂಥ ಒಂದು 'ಇಲ್ಲ' ಸಿಕ್ಕರೆ ನನಗೂ ಹೇಳಿ.